ಸೀಸದ ಬೊಂಬೆಯೂ ಪಾತ್ರಕ್ರೀಡೆಯ ಉಗಮವೂ

೧೯೭೪ನೆಯ ಇಸವಿಯ ಜನವರಿ ತಿಂಗಳಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ವಿಸ್ಕಾನ್ಸಿನ್ ರಾಜ್ಯಕ್ಕೆ ಸೇರಿದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಒಂದು ರಟ್ಟಿನ ಪೆಟ್ಟಿಗೆ ಹೊರಬಂದಿತು. ಅದರಲ್ಲಿದ್ದವು ಮೂರು ಕಿರುಹೊತ್ತಗೆಗಳು. ಬೆಲೆ ೧೦ ಡಾಲರು. ಮೊದಲ ಮುದ್ರಣ ೧,೦೦೦ ಪ್ರತಿಗಳು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ಈ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟವೇ ಇಂದಿನ ಪಾತ್ರಕ್ರೀಡೆಗಳಿಗೆಲ್ಲ ಮೂಲವೆಂಬುದು ಸುವಿದಿತ. ಕಾಗದ, ಪೆನ್ಸಿಲು ಮತ್ತು ಕಿರುಬೊಂಬೆಗಳಿಂದ ಆಡಬಹುದಾದ ಅದ್ಭುತ ಮಧ್ಯಯುಗೀನ ಸಮರಗಳ ನಿಯಮಗಳಿವು ಎಂಬರ್ಥದ ಉಪಶೀರ್ಷಿಕೆ ಅದಕ್ಕಿದೆ. ಆದರೆ ಪೆಟ್ಟಿಗೆಯಲ್ಲಿ ಒಂದು ಬೊಂಬೆಯೂ ಇರಲಿಲ್ಲ. ಅಷ್ಟೇ ಅಲ್ಲ, ಮೊದಲನೆಯ ಹೊತ್ತಗೆಯ ಆರಂಭದಲ್ಲಿಯೇ, ಬೊಂಬೆಗಳು ಆವಶ್ಯಕವಲ್ಲ, ಇದ್ದರೆ ನೋಟಕ್ಕೆ ಸೊಗಸು ಮಾತ್ರ ಎಂಬ ಅಭಿಪ್ರಾಯವನ್ನು ಕರ್ತೃಗಳು ಸೂಚಿಸಿದ್ದಾರೆ. ಹೊರಗೆ ಕೊಟ್ಟ ವಚನವನ್ನು ಒಳಪುಟವು ಹಿಂತೆಗೆದುಕೊಂಡಂತಾಯಿತು. ಈ ವಿರೋಧದ ಅರ್ಥವೇನೆಂಬುದನ್ನು ಪ್ರಸ್ತುತ ಲೇಖನದಲ್ಲಿ ನಾವು ವಿಚಾರಿಸಬೇಕೆಂದಿದ್ದೇವೆ.

ಆಟದ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರೂ ಒಬ್ಬ ಕಲ್ಪಿತ ವ್ಯಕ್ತಿಯ, ಭಟನ, ಮಾಂತ್ರಿಕನ ಅಥವಾ ಧರ್ಮಗುರುವಿನ, ಪಾತ್ರವನ್ನು ವಹಿಸುತ್ತಾರೆ. ಇನ್ನೊಬ್ಬನು ಮಧ್ಯಸ್ಥನಾಗಿ, ಅವರು ಪ್ರವೇಶಿಸಿದ ಹಾಳುಕೋಟೆಯ ನೆಲಮಾಳಿಗೆಯಲ್ಲಿ ಏನಿದೆಯೆಂಬುದನ್ನು ವರ್ಣಿಸುತ್ತಾನೆ. ಅವರು ತಾವು ಮಾಡುವುದನ್ನು ಹೇಳುತ್ತಾರೆ. ಫಲವನ್ನು ದಾಳವೂ ನಿಯಮವೂ ಕೂಡಿ ನಿರ್ಣಯಿಸುತ್ತವೆ. ಗೆಲ್ಲುವವರಿಲ್ಲ, ಮುಗಿಯುವ ಹೊತ್ತೂ ಗೊತ್ತಿಲ್ಲ. ಇಂತಹ ಆಟ ನಡೆಯುವುದು ಮಾತಿನಲ್ಲಿ. ಹಾಗಿದ್ದರೆ ಹೆಬ್ಬೆರಳಿನ ಮೇಲುಗೆಣ್ಣಿನಷ್ಟು ಎತ್ತರದ ಲೋಹದ ಬೊಂಬೆಗೆ ಅಲ್ಲಿ ಏನು ಕೆಲಸ? ಅದು ಕೇವಲ ಅಲಂಕಾರವೆಂದು ಹೇಳುವವರು ಬಹಳ. ಬೊಂಬೆಯಿಲ್ಲದೆ ಆಡುವವರೂ ಬಹಳವಾದುದರಿಂದ ಆ ಮಾತು ಮೇಲುನೋಟಕ್ಕೆ ಸರಿಯೆನಿಸುತ್ತದೆ. ಆದರೆ ಉಗಮದ ಪ್ರಶ್ನೆ ಬೇರೆ, ಬಳಕೆಯ ಪ್ರಶ್ನೆ ಬೇರೆ. ಏಣಿಯನ್ನು ಹತ್ತಿದ ಮೇಲೆ ಅದು ಬೇಡವೆನ್ನಬಹುದು. ಹತ್ತಿದ್ದು ಏಣಿಯಿಂದಲೇ ಅಲ್ಲವೆನ್ನಲಾಗದು.

ಯುರೋಪಿನ ಸಮರಕ್ರೀಡೆಯ ಇತಿಹಾಸದಲ್ಲಿ ಎರಡು ಧಾರೆಗಳನ್ನು ಪ್ರತ್ಯೇಕಿಸಬೇಕು. ಮೊದಲನೆಯದು ಚದುರಂಗದಿಂದ ಹೊರಟುದು. ಭಾರತದಲ್ಲಿ ಹುಟ್ಟಿ ಪಾರಸಿಕರ ಮತ್ತು ಅರಬರ ಮೂಲಕ ಪಶ್ಚಿಮಕ್ಕೆ ಹೋದ ಈ ಆಟವನ್ನು ಬ್ರೌನ್‌ಷ್ವೈಗಿನ ಗಣಿತಾಧ್ಯಾಪಕ ಯೋಹಾನ್ ಹೆಲ್‌ವಿಗ್ ೧೭೮೦ರಲ್ಲಿ ವಿಸ್ತರಿಸಿದನು. ಅವನ ಹಾಸಿನ ಮೇಲೆ ಸಾವಿರಕ್ಕೂ ಮಿಕ್ಕ ಚೌಕಗಳಿದ್ದವು. ಬೆಟ್ಟ, ಜವುಗು, ನೀರುಗಳಿಗೆ ಬೇರೆಬೇರೆ ಬಣ್ಣ. ೧೮೧೨ರಲ್ಲಿ ಪ್ರಷ್ಯದ ರೈಸ್‌ವಿಟ್ಸ್ ಪ್ರಭುವು ಚೌಕಗಳನ್ನೇ ಬಿಟ್ಟು, ನೆಲದ ಏರುತಗ್ಗುಗಳನ್ನು ತೋರಿಸುವ ಬಿಲ್ಲೆಗಳನ್ನು ಜೋಡಿಸಿದ ಮೇಜೊಂದನ್ನು ಮೂರನೆಯ ಫ್ರೆಡರಿಕ್ ವಿಲ್ಹೆಲ್ಮ್ ದೊರೆಗೆ ಒಪ್ಪಿಸಿದನು. ಅವನ ಮಗ, ಸೇನಾಧಿಕಾರಿಯಾಗಿದ್ದ ಕಿರಿಯ ರೈಸ್‌ವಿಟ್ಸ್, ೧೮೨೪ರಲ್ಲಿ ಇದನ್ನು ೧:೮೦೦೦ ಪ್ರಮಾಣದ ಭೂಪಟದ ಮೇಲೆ ಆಡುವಂತೆ ತಿದ್ದಿದನು. ಸೇನಾ ಮುಖ್ಯಸ್ಥನಾಗಿದ್ದ ಮುಫ್ಲಿಂಗ್ ಇದು ಆಟವಲ್ಲ, ಯುದ್ಧಶಿಕ್ಷಣವೆಂದು ಮೆಚ್ಚಿ ಸೈನ್ಯಕ್ಕೆಲ್ಲ ಶಿಫಾರಸು ಮಾಡಿದನು. (ಕರ್ತೃವಾದ ತರುಣನು ೧೮೨೭ರಲ್ಲಿ ಆತ್ಮಹತ್ಯೆ ಮಾಡಿಕೊಂಡನೆಂಬುದು ಈ ಕಥೆಯ ದುಃಖದ ಭಾಗ.) ಇದೇ ಕಾಲದಲ್ಲಿ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಹಾಸುಗಳ ಮೇಲೆ ಆಡುವ ಹೊಸಹೊಸ ಆಟಗಳನ್ನು ನಿರ್ಮಿಸುತ್ತಿದ್ದುದು ನಮ್ಮವರಿಗೆ ನೆನಪಾಗದಿರದು, ಆದರೆ ಇವೆರಡಕ್ಕೂ ಸಂಬಂಧವನ್ನು ಕಲ್ಪಿಸುವುದು ಸಲ್ಲದು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ ರೈಸ್‌ವಿಟ್ಸನ ಆಟದಲ್ಲಿ ಬೊಂಬೆಗಳಿಲ್ಲ. ಇರುವುದು ಕೆಂಪು ಮತ್ತು ನೀಲಿ ಬಣ್ಣದ ಸೀಸದ ಇಟ್ಟಿಗೆಗಳು. ಒಂದೊಂದು ಇಟ್ಟಿಗೆ ಒಂದೊಂದು ದಳ. ಅದಕ್ಕೆ ಮುಖವಿಲ್ಲ. ಆದರೆ ಈ ಆಟದಲ್ಲಿ ಮುಂದೆ ಬಹು ಮುಖ್ಯವಾಗಲಿದ್ದ ಒಂದು ಸಂಗತಿಯಿದೆ: ಮಧ್ಯಸ್ಥ. ಆಟಗಾರರು ತಮ್ಮ ಆಜ್ಞೆಗಳನ್ನು ಅವನಿಗೆ ಒಪ್ಪಿಸುತ್ತಾರೆ. ಅವರ ಕಣ್ಣಿಗೆ ಬೀಳಬೇಕಾದಷ್ಟನ್ನು ಮಾತ್ರ ಅವನು ತೋರಿಸುತ್ತಾನೆ. ದಾಳವನ್ನುರುಳಿಸಿ ಫಲವನ್ನು ಸಾರುತ್ತಾನೆ. ಅರಿಯದುದನ್ನು ಅರಿಯದಂತೆಯೇ ಇಡುವ ಈ ಉಪಾಯವು ಚದುರಂಗದಲ್ಲಿ ಇರಲಿಲ್ಲ.

ಎರಡನೆಯ ಧಾರೆ ಮಕ್ಕಳ ಕೋಣೆಯದು. ನ್ಯೂರೆಂಬರ್ಗ್ ನಗರದ ತವರದ ಕೆಲಸಗಾರರು ೧೮ನೆಯ ಶತಮಾನದ ಉತ್ತರಾರ್ಧದಲ್ಲಿ ಕಲ್ಲಿನ ಅಚ್ಚುಗಳಲ್ಲಿ ಚಪ್ಪಟೆಯಾದ ಸೈನಿಕರನ್ನು ಎರಕ ಹೊಯ್ಯುತ್ತಿದ್ದರು. ಹಿಲ್ಪರ್ಟ್ ಮನೆತನದ ಹೆಸರು ಇದರಲ್ಲಿ ಪ್ರಸಿದ್ಧ. ೧೮೩೯ರಲ್ಲಿ ವ್ಯಾಪಾರವನ್ನು ಆರಂಭಿಸಿದ ಅರ್ನ್‌ಸ್ಟ್ ಹೈನ್ರಿಕ್‌ಸನ್ನನ ಬೊಂಬೆಗಳಿಂದ ೩೦ ಮಿಲಿಮೀಟರಿನ ಎತ್ತರವು ಒಂದು ಮಾನವಾಗಿ ನೆಲೆಗೊಂಡಿತು. ಬೇರೆಬೇರೆ ಪೆಟ್ಟಿಗೆಗಳ ಸೈನಿಕರು ಒಂದೇ ಸೇನೆಯಲ್ಲಿ ನಿಲ್ಲಬಲ್ಲರೆಂಬುದು ಸಂಗ್ರಾಹಕನ ದೃಷ್ಟಿಯಿಂದ ಎಷ್ಟು ದೊಡ್ಡ ಸೌಕರ್ಯವೆಂಬುದನ್ನು ವಿವರಿಸಬೇಕಾಗಿಲ್ಲ. ೧೮೯೩ರಲ್ಲಿ ಲಂಡನ್ನಿನ ವಿಲಿಯಮ್ ಬ್ರಿಟನ್ ಸಂಸ್ಥೆಯವರು ಟೊಳ್ಳು ಎರಕದ ವಿಧಾನವನ್ನು ಕಂಡುಕೊಂಡರು. ಕರಗಿದ ಲೋಹವನ್ನು ಅಚ್ಚಿಗೆ ಸುರಿದು, ಹೊರಪದರ ಗಟ್ಟಿಯಾಗುತ್ತಲೇ ಒಳಗಿನದನ್ನು ಮರಳಿ ಸುರಿದುಬಿಡುವುದು ಇದರ ಕ್ರಮ. ಲೋಹ ಉಳಿಯಿತು, ತೂಕ ಇಳಿಯಿತು, ಬೆಲೆಯೂ ಇಳಿಯಿತು. ಜರ್ಮನ್ ವ್ಯಾಪಾರಕ್ಕೆ ಪೆಟ್ಟು ಬಿದ್ದಿತು.

ಈ ಅಗ್ಗದ ಸೈನಿಕರನ್ನು ಹಾಸುಗಂಬಳಿಯ ಮೇಲೆ ನಿಲ್ಲಿಸಿ ನಿಯಮಬದ್ಧವಾಗಿ ಆಡಬಹುದೆಂದು ತೋರಿಸಿದವನು ಎಚ್. ಜಿ. ವೆಲ್ಸ್. ಅವನ ‘ಲಿಟ್ಲ್ ವಾರ್ಸ್’ ೧೯೧೩ರಲ್ಲಿ ಪ್ರಕಟವಾಯಿತು. ಅದರಲ್ಲಿ ದಾಳವಿಲ್ಲ, ಸ್ಪ್ರಿಂಗಿನ ಆಟಿಗೆಫಿರಂಗಿಯಿಂದ ನಿಜವಾಗಿಯೇ ಗುಂಡು ಹಾರಿಸಿ ಬೊಂಬೆಗಳನ್ನು ಉರುಳಿಸಬೇಕು. ಸೈನ್ಯದವರು ಆಡುತ್ತಿದ್ದ ಪ್ರಷ್ಯನ್ ಮಾದರಿಯ ಆಟವು ನೀರಸವೆಂದೂ, ಅದರಲ್ಲಿ ಮಧ್ಯಸ್ಥನದೇ ಹಾವಳಿಯೆಂದೂ ಅವನ ಆಕ್ಷೇಪ. ಮಹಾಯುದ್ಧದ ಹಿಂದಿನ ವರ್ಷದಲ್ಲಿ, ದೊಡ್ಡ ಯುದ್ಧಕ್ಕಿಂತ ಈ ಕಿರುಯುದ್ಧವೇ ಮೇಲೆಂದು ಅವನು ವಾದಿಸಿದುದು ಈಗ ಓದುವಾಗ ಮನಸ್ಸನ್ನು ಕಲಕುತ್ತದೆ.

ಹೀಗೆ ಒಂದು ಕಡೆ ಮಧ್ಯಸ್ಥನಿದ್ದಾನೆ, ಬೊಂಬೆಯಿಲ್ಲ. ಇನ್ನೊಂದು ಕಡೆ ಬೊಂಬೆಯಿದೆ, ಮಧ್ಯಸ್ಥನಿಲ್ಲ. ಪಾತ್ರಕ್ರೀಡೆಯು ಇವೆರಡರ ಸಂಗಮವೆಂದು ನಮ್ಮ ಅಭಿಪ್ರಾಯ. ಈ ಸಂಗಮ ನಡೆದುದು ಅಮೆರಿಕದ ಮಧ್ಯಪಶ್ಚಿಮದಲ್ಲಿ, ೧೯೬೦ರ ದಶಕದ ಕೊನೆಯಿಂದ ೧೯೭೦ರ ದಶಕದ ಮೊದಲ ವರ್ಷಗಳವರೆಗೆ.

ಅದಕ್ಕೆ ಮುನ್ನ ನಡೆದ ಸಿದ್ಧತೆಯನ್ನು ಸಂಕ್ಷೇಪವಾಗಿ ಹೇಳಬಹುದು. ಕ್ಯಾಲಿಫೋರ್ನಿಯದ ಜ್ಯಾಕ್ ಸ್ಕ್ರೂಬಿ ರಬ್ಬರಿನ ಅಚ್ಚುಗಳಲ್ಲಿ ಅಗ್ಗದ ಬೊಂಬೆಗಳನ್ನೆರೆದು, ೧೯೫೭ರಿಂದ ಸಮರಕ್ರೀಡಾಸಕ್ತರಿಗಾಗಿಯೇ ಒಂದು ಪತ್ರಿಕೆಯನ್ನು ನಡೆಸಿದನು. ಇಂಗ್ಲೆಂಡಿನ ಟೋನಿ ಬಾತ್ ರಾಬರ್ಟ್ ಹೋವರ್ಡನ ಕಥೆಗಳ ಕಲ್ಪಿತ ಭೂಖಂಡದ ಮೇಲೆ ತನ್ನ ಸೇನೆಗಳನ್ನು ವರ್ಷಗಟ್ಟಲೆ ನಡೆಸಿದನು. ಡೊನಾಲ್ಡ್ ಫೆದರ್‌ಸ್ಟನ್ನನ ಗ್ರಂಥವು ೧೯೬೨ರಲ್ಲಿ ಹೊರಬಂದು ಈ ಹವ್ಯಾಸಕ್ಕೆ ಪ್ರೌಢರಲ್ಲಿ ಮರ್ಯಾದೆಯನ್ನು ತಂದಿತು.

ಮಿನೆಸೋಟದ ಅವಳಿನಗರಗಳಲ್ಲಿ ಡೇವಿಡ್ ವೆಸ್ಲಿ ಎಂಬ ತರುಣನು, ಚಾರ್ಲ್ಸ್ ಟಾಟನ್ ಎಂಬ ಅಮೆರಿಕನ್ ಸೇನಾಧಿಕಾರಿ ೧೮೮೦ರಲ್ಲಿ ಬರೆದ ಸಮರಕ್ರೀಡಾಗ್ರಂಥವನ್ನು ಓದಿ, ಆಟಗಾರನು ನಿಯಮದಲ್ಲಿಲ್ಲದ ಏನನ್ನಾದರೂ ಯತ್ನಿಸಬಹುದು, ಅದನ್ನು ಮಧ್ಯಸ್ಥನು ನಿರ್ಣಯಿಸಬೇಕು ಎಂಬ ಮರೆತುಹೋಗಿದ್ದ ತತ್ತ್ವವನ್ನು ಮತ್ತೆ ಎತ್ತಿಕೊಂಡನು. ‘ಬ್ರೌನ್‌ಸ್ಟೈನ್’ ಎಂಬ ಅವನ ಆಟದಲ್ಲಿ, ನೆಪೋಲಿಯನ್ ಕಾಲದ ಒಂದು ಕಲ್ಪಿತ ಜರ್ಮನ್ ಊರಿನ ನಗರಾಧ್ಯಕ್ಷ, ವಿಶ್ವವಿದ್ಯಾಲಯದ ಕುಲಪತಿ, ವಿದ್ಯಾರ್ಥಿ ಮುಂತಾದ ಪಾತ್ರಗಳನ್ನು ಒಬ್ಬೊಬ್ಬರಿಗೆ ಹಂಚಲಾಗಿತ್ತು. ಸೇನಾಪತಿಯ ಸ್ಥಾನದಲ್ಲಿ ಕುಳಿತಿದ್ದ ಆಟಗಾರನು ಊರಿನ ಬೀದಿಗಿಳಿದನು. ಈ ಗುಂಪಿನ ಆರ್ನೆಸನ್ನನು ೧೯೭೧ರಲ್ಲಿ ಇದೇ ಕ್ರಮವನ್ನು ‘ಬ್ಲ್ಯಾಕ್‌ಮೂರ್’ ಎಂಬ ಮಾಂತ್ರಿಕ ಸೀಮೆಗೂ, ಅಲ್ಲಿನ ಕೋಟೆಯ ಕೆಳಗಿನ ಸುರಂಗಗಳಿಗೂ ಒಯ್ದನು.

ಅತ್ತ ಲೇಕ್ ಜಿನೀವಾದಲ್ಲಿ ಗೈಗ್ಯಾಕ್ಸನ ಮನೆಯ ನೆಲಮಾಳಿಗೆಯಲ್ಲಿ ಮರಳುತುಂಬಿದ ದೊಡ್ಡ ಮೇಜೊಂದಿತ್ತು. ಅದರ ಮೇಲೆ ಜರ್ಮನಿಯ ಎಲಾಸ್ಟೊಲಿನ್ ಸಂಸ್ಥೆಯ ೪೦ ಮಿಲಿಮೀಟರಿನ ಮಧ್ಯಯುಗೀನ ಸೈನಿಕರು ಕಾದಾಡುತ್ತಿದ್ದರು. ಈ ಕದನಗಳಿಗಾಗಿ ಜೆಫ್ ಪೆರೆನ್ ಬರೆದ ನಿಯಮಗಳನ್ನು ಗೈಗ್ಯಾಕ್ಸ್ ಬೆಳೆಸಿ, ೧೯೭೧ರಲ್ಲಿ ‘ಚೈನ್‌ಮೇಲ್’ ಎಂಬ ಪುಸ್ತಕವನ್ನು ಹೊರತಂದರು. ಸಂಶೋಧಕನು ನಿಧಾನಿಸಿ ಓದಬೇಕಾದ ಪುಸ್ತಕವಿದು. ಅದರ ಮೊದಲ ಭಾಗದಲ್ಲಿ ಒಂದು ಬೊಂಬೆ ೨೦ ಮಂದಿ ಯೋಧರನ್ನು ಸೂಚಿಸುತ್ತದೆ. ಎರಡನೆಯ ಭಾಗದಲ್ಲಿ, ಕೋಟೆಯ ಮುತ್ತಿಗೆಯಂತಹ ಸಣ್ಣ ಕಾಳಗಗಳಿಗಾಗಿ, ಒಂದು ಬೊಂಬೆ ಒಬ್ಬನೇ ಯೋಧ. ಕೊನೆಗೆ ಸೇರಿಸಿದ ಅದ್ಭುತ ಪ್ರಕರಣದಲ್ಲಿ ಮಾಂತ್ರಿಕರೂ ಘಟಸರ್ಪಗಳೂ ಬರುತ್ತಾರೆ. ಅಲ್ಲಿ ‘ವೀರ’ನೆಂಬ ಒಂದು ಬೊಂಬೆ ನಾಲ್ವರಿಗೆ ಸಮ, ‘ಮಹಾವೀರ’ನು ಎಂಟು ಮಂದಿಗೆ ಸಮ.

ಇಪ್ಪತ್ತರಿಂದ ಒಂದಕ್ಕೆ, ಒಂದರಿಂದ ನಾಲ್ವರಿಗೆ ಸಮನಾದ ಒಬ್ಬನಿಗೆ. ಈ ಅಂಕಗಣಿತದಲ್ಲಿಯೇ ಪಾತ್ರಕ್ರೀಡೆಯ ಬೀಜವಿದೆಯೆಂದು ನಾವು ಭಾವಿಸುತ್ತೇವೆ. ಇಟ್ಟಿಗೆ ಎಷ್ಟೇ ಇಳಿದರೂ ಇಟ್ಟಿಗೆಯೇ. ಅದನ್ನು ಒಬ್ಬ ಮನುಷ್ಯನೆಂದು ಎಣಿಸಬೇಕೆಂಬ ಪ್ರೇರಣೆ ಯಾರಿಗೂ ಬರಲಾರದು. ಬೊಂಬೆಯ ಸ್ವಭಾವ ಹಾಗಲ್ಲ. ಅದು ನೋಟದಲ್ಲಿ ಮೊದಲಿನಿಂದಲೂ ಒಬ್ಬನೇ. ಇಪ್ಪತ್ತು ಮಂದಿಯೆಂಬುದು ನಿಯಮವು ಅದರ ತಲೆಯ ಮೇಲೆ ಹೊರಿಸಿದ್ದ ಲೆಕ್ಕ. ನಿಯಮವು ಆ ಲೆಕ್ಕವನ್ನು ಇಳಿಸಿದೊಡನೆಯೇ ಬೊಂಬೆ ತನ್ನ ಸಹಜವಾದ ಸಂಖ್ಯೆಗೆ ಮರಳಿತು. ಹೀಗೆ ಒಬ್ಬನಾದವನಿಗೆ ಒಂದು ಹೆಸರು, ಒಂದು ಚರಿತ್ರೆ, ಸಾಯದೆ ಉಳಿದರೆ ಮುಂದಿನ ವಾರಕ್ಕೊಂದು ಹೆಚ್ಚಿನ ಶಕ್ತಿ ಬರುವುದು ದೂರದ ಮಾತಲ್ಲ. ೧೯೭೨ರ ಕೊನೆಯ ವೇಳೆಗೆ ಆರ್ನೆಸನ್ ಲೇಕ್ ಜಿನೀವಾಕ್ಕೆ ಬಂದು ತನ್ನ ಆಟವನ್ನು ತೋರಿಸಿದಾಗ ಎರಡು ಧಾರೆಗಳೂ ಕೂಡಿದವು.

ಬೊಂಬೆಯು ಇನ್ನೊಂದು ಬಗೆಯಲ್ಲಿಯೂ ಆಟವನ್ನು ರೂಪಿಸಿತು. ಇದು ನಮಗೆ ಇನ್ನೂ ಹೆಚ್ಚು ಸ್ವಾರಸ್ಯಕರವಾಗಿ ತೋರುತ್ತದೆ. ಆ ದಿನಗಳಲ್ಲಿ ಮಧ್ಯಯುಗದ ಭಟರು ಅಂಗಡಿಯಲ್ಲಿ ಸಿಗುತ್ತಿದ್ದರು, ಘಟಸರ್ಪಗಳು ಸಿಗುತ್ತಿರಲಿಲ್ಲ. ಗೈಗ್ಯಾಕ್ಸನು ಸ್ಟೆಗೊಸಾರಸ್ ಎಂಬ ಪುರಾತನ ಪ್ರಾಣಿಯ ಪ್ಲಾಸ್ಟಿಕ್ ಬೊಂಬೆಯನ್ನು ತಿದ್ದಿ ಘಟಸರ್ಪವಾಗಿ ಮಾಡಿಕೊಂಡನು. ಸಾಮಾನು ಮಾರುವ ಅಗ್ಗದ ಅಂಗಡಿಗಳಲ್ಲಿ ಆಗ ಹಾಂಗ್‌ಕಾಂಗಿನಲ್ಲಿ ತಯಾರಾದ ಪ್ಲಾಸ್ಟಿಕ್ ಮೃಗಗಳ ಚೀಲಗಳು ಬರುತ್ತಿದ್ದವು. ಇತಿಹಾಸಪೂರ್ವ ಪ್ರಾಣಿಗಳೆಂದು ಅವುಗಳ ಮೇಲೆ ಬರೆದಿದ್ದರೂ, ಒಳಗಿದ್ದ ಕೆಲವು ಯಾವ ಶಿಲಾಯುಗದ ಪಳೆಯುಳಿಕೆಯಲ್ಲಿಯೂ ಕಾಣದಂತಹವು. ಜಪಾನಿನ ದೈತ್ಯಮೃಗಗಳ ಚಲನಚಿತ್ರಗಳ ಛಾಯೆ ಅವುಗಳಲ್ಲಿದೆ. ಇವುಗಳಲ್ಲಿ ಒಂದಕ್ಕೆ ಉದ್ದನೆಯ ಮೀಸೆಗಳೂ, ತುದಿಯಲ್ಲಿ ವಿಮಾನದ ಪಂಖದಂತಹ ರೆಕ್ಕೆಗಳುಳ್ಳ ಬಾಲವೂ ಇದ್ದವು. ಅದು ಏನು ಪ್ರಾಣಿ? ಮಾಡಿದವನಿಗೂ ಗೊತ್ತಿತ್ತೆಂದು ನಾವು ನಂಬಲಾರೆವು.

ಮೇಜಿನ ಮೇಲೆ ಇಟ್ಟ ಮೇಲೆ ಅದಕ್ಕೊಂದು ಸ್ವಭಾವ ಬೇಕಾಯಿತು. ೧೯೭೫ರಲ್ಲಿ ಪ್ರಕಟವಾದ ‘ಗ್ರೇಹಾಕ್’ ಎಂಬ ಅನುಬಂಧದಲ್ಲಿ ಅದು ಮುಟ್ಟಿದ ಲೋಹವನ್ನೆಲ್ಲ ತುಕ್ಕುಹಿಡಿಸುವ ಮೃಗವಾಗಿ ಕಾಣಿಸಿಕೊಂಡಿತು. ಕತ್ತಿಗೆ ಹೆದರದ ವೀರರು ತಮ್ಮ ಕವಚವನ್ನು ಕಳಚಿ ಓಡಬೇಕಾದ ಪ್ರಸಂಗವನ್ನು ಒದಗಿಸಿದ ಈ ಪ್ರಾಣಿ ಒಡನೆಯೇ ಜನಪ್ರಿಯವಾಯಿತು. ಗೂಬೆಯ ಮೋರೆಯ ಕರಡಿ ಅದೇ ಚೀಲದಿಂದ ಬಂದುದು. ಅದೇ ಚೀಲದ ಮತ್ತೊಂದು ಮೃಗವನ್ನು ಟಿಮ್ ಕಾಸ್ಕ್ ೧೯೭೬ರಲ್ಲಿ ‘ದಿ ಡ್ರಾಗನ್’ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ, ನೆಲವನ್ನು ಸೀಳಿಕೊಂಡು ಮೇಲೇಳುವ ಜಂತುವಾಗಿ ವರ್ಣಿಸಿದನು. ಸಾಮಾನ್ಯವಾಗಿ ಕವಿಯು ಮೊದಲು ಕಲ್ಪಿಸುತ್ತಾನೆ, ಶಿಲ್ಪಿಯು ಅದನ್ನು ಕಡೆಯುತ್ತಾನೆ. ಇಲ್ಲಿ ಕ್ರಮ ತಿರುಗುಮುರುಗಾಯಿತು. ಹಾಂಗ್‌ಕಾಂಗಿನ ಹೆಸರರಿಯದ ಅಚ್ಚುಕಾರನೊಬ್ಬನ ಕೈಕೆಲಸಕ್ಕೆ ವಿಸ್ಕಾನ್ಸಿನ್ನಿನಲ್ಲಿ ಪುರಾಣ ಹುಟ್ಟಿತು. ಆಟದ ನಿಯಮಗ್ರಂಥಗಳನ್ನು ಮಾತ್ರ ಓದಿ, ಈ ಮೃಗಗಳಿಗೆ ಗ್ರೀಕರ ಅಥವಾ ಟ್ಯೂಟನರ ಪುರಾಣಗಳಲ್ಲಿ ಮೂಲವನ್ನು ಹುಡುಕಹೊರಡುವವನು ಎಲ್ಲಿಯೂ ಸೇರುವುದಿಲ್ಲ. ಆಧಾರವಿರುವುದು ಗ್ರಂಥದಲ್ಲಲ್ಲ, ವಸ್ತುವಿನಲ್ಲಿ. ಶಾಸನ, ನಾಣ್ಯ, ಮಡಕೆಚೂರುಗಳ ಬಗ್ಗೆ ನಾವು ವಿದ್ಯಾರ್ಥಿಗಳಿಗೆ ಹೇಳುವ ಮಾತೇ ಇದು. ಐವತ್ತು ವರ್ಷಗಳ ಹಿಂದಿನ ಆಟಿಗೆಯ ವಿಷಯದಲ್ಲಿಯೂ ಅದು ಸಲ್ಲುತ್ತದೆ.

ಗ್ರಂಥದ ಒಳಗಿನ ಸಾಕ್ಷ್ಯವೂ ಒಂದಿದೆ. ೧೯೭೪ರ ನಿಯಮಗಳಲ್ಲಿ ದೂರಗಳನ್ನೆಲ್ಲ ಅಂಗುಲಗಳಲ್ಲಿ ಕೊಟ್ಟಿದೆ. ಮಾಂತ್ರಿಕನ ಬೆಂಕಿಯುಂಡೆ ೨೪ ಅಂಗುಲ ಹಾರುತ್ತದೆ. ಕವಚವಿಲ್ಲದವನು ೧೨ ಅಂಗುಲ ನಡೆಯುತ್ತಾನೆ, ಪೂರ್ಣಕವಚದವನು ೬ ಅಂಗುಲ. ನೆಲದಡಿಯಲ್ಲಿ ಒಂದು ಅಂಗುಲವೆಂದರೆ ೧೦ ಅಡಿ, ಬಯಲಿನಲ್ಲಿ ೧೦ ಗಜ. ಬೊಂಬೆಗಳು ಆವಶ್ಯಕವಲ್ಲವೆಂದು ಹೇಳುವ ಪುಸ್ತಕವೇ ಮೇಜಿನ ಮೇಲೆ ಬೊಂಬೆಯನ್ನು ಅಳೆದು ಸರಿಸುವವನ ಅಳತೆಗೋಲನ್ನು ಕೈಬಿಟ್ಟಿಲ್ಲ. ೧೯೭೮ರಲ್ಲಿ ಬಂದ ಪರಿಷ್ಕೃತ ಗ್ರಂಥದಲ್ಲಿಯೂ ಅಂಗುಲಗಳೇ ಇವೆ. ಆ ವೇಳೆಗೆ ಬೊಂಬೆಯನ್ನೇ ಬಳಸದೆ ಆಡುತ್ತಿದ್ದವರು ಅಸಂಖ್ಯಾತರು, ಅವರಿಗೆ ಈ ಅಂಗುಲ ಒಂದು ಒಗಟಾಗಿದ್ದಿರಬೇಕು. ೧೯೮೯ರ ಆವೃತ್ತಿಯಲ್ಲಿ ಅಡಿ ಮತ್ತು ಗಜಗಳು ಅದರ ಸ್ಥಾನವನ್ನು ಪಡೆದವು. ಭಾಷಾಶಾಸ್ತ್ರಜ್ಞರು ಒಂದು ಪ್ರತ್ಯಯದ ಅವಶೇಷದಿಂದ ಹಳೆಯ ರೂಪವನ್ನು ಊಹಿಸುವಂತೆ, ಹದಿನೈದು ವರ್ಷ ಉಳಿದ ಈ ಅಂಗುಲದಿಂದ ಆಟದ ಹಳೆಯ ದೇಹವನ್ನು ಊಹಿಸಬಹುದು.

ಇನ್ನು ಬೊಂಬೆಗಳ ಉದ್ಯಮದ ವಿಚಾರ. ಆಟವು ಹಬ್ಬಿದಂತೆ ಬೊಂಬೆ ಮಾಡುವವರೂ ಹೆಚ್ಚಿದರು. ೧೯೭೫ರಲ್ಲಿ ಓಹಾಯೋದ ಸಿನ್ಸಿನಾಟಿಯಲ್ಲಿ ರಾಲ್ ಪಾರ್ಥಾ, ಪೆನ್ಸಿಲ್ವೇನಿಯದಲ್ಲಿ ಗ್ರೆನೆಡಿಯರ್, ಇಂಗ್ಲೆಂಡಿನ ನ್ಯೂಅರ್ಕಿನಲ್ಲಿ ೧೯೭೦ರ ದಶಕದ ಕೊನೆಗೆ ಸಿಟಾಡೆಲ್ ತಲೆಯೆತ್ತಿದವು. ರಾಲ್ ಪಾರ್ಥಾದ ಮುಖ್ಯ ಶಿಲ್ಪಿ ಟಾಮ್ ಮೇಯರ್ ಆಗಿನ್ನೂ ಹುಡುಗ. ಕೆಲಸದ ಕ್ರಮ ಹೀಗೆ: ತಂತಿಯ ಅಸ್ಥಿಯ ಮೇಲೆ ಗಟ್ಟಿಯಾಗುವ ಲಪ್ಪದಿಂದ ಮೂಲ ಬೊಂಬೆಯನ್ನು ತಿದ್ದುವುದು, ಅದನ್ನು ಎರಡು ರಬ್ಬರ್ ಬಿಲ್ಲೆಗಳ ನಡುವೆ ಇಟ್ಟು, ಶಾಖ ಮತ್ತು ಒತ್ತಡಗಳಿಂದ ರಬ್ಬರನ್ನು ಪಕ್ವಗೊಳಿಸಿ ಅಚ್ಚನ್ನು ಪಡೆಯುವುದು, ಅಚ್ಚನ್ನು ವೇಗವಾಗಿ ತಿರುಗಿಸುತ್ತ ನಡುವಿನ ರಂಧ್ರದಿಂದ ಕರಗಿದ ಸೀಸ-ತವರಗಳ ಮಿಶ್ರಣವನ್ನು ಸುರಿಯುವುದು. ತಿರುಗುವ ರಭಸಕ್ಕೆ ಲೋಹವು ಬೆರಳ ತುದಿಗಳವರೆಗೂ ಹರಿಯುತ್ತದೆ. ರಬ್ಬರು ಬಾಗುವುದರಿಂದ, ನ್ಯೂರೆಂಬರ್ಗಿನ ಕಲ್ಲಿನ ಅಚ್ಚಿನಲ್ಲಿ ಸಾಧ್ಯವಾಗದ ದುಂಡಾದ ಭಂಗಿಗಳು ಇದರಲ್ಲಿ ಸಾಧ್ಯವಾದವು. ಬೊಂಬೆ ಬರಿಯ ಲೋಹವಾಗಿಯೇ ಮಾರಾಟವಾಗುತ್ತಿತ್ತು, ಬಣ್ಣ ಕೊಂಡವನದು. ಆಟಗಾರನು ತನ್ನ ಪಾತ್ರಕ್ಕೆ ತಕ್ಕ ಬೊಂಬೆಯನ್ನು ಆರಿಸಿ, ಬೇಕಾದರೆ ಕತ್ತಿಯನ್ನು ಕತ್ತರಿಸಿ ಕೊಡಲಿಯನ್ನು ಬೆಸೆದು, ಮೂರು ಕೂದಲಿನ ಕುಂಚದಿಂದ ಕಣ್ಣು ಬರೆಯುತ್ತಿದ್ದನು. ನಮ್ಮ ದಸರಾ ಬೊಂಬೆಗಳಂತೆ ಇವು ಮೆಟ್ಟಿಲಿನ ಮೇಲೆ ಕೂಡಿಸಿ ನೋಡುವಂತಹವಲ್ಲ. ಕೈಯಿಂದ ಕೈಗೆ ಹೋಗಿ, ಬಿದ್ದು, ಬಣ್ಣ ಸವೆಯಬೇಕಾದವು.

ಎತ್ತರದ ಮಾನ ಮಾತ್ರ ನಿಲ್ಲಲಿಲ್ಲ. ೨೫ ಮಿಲಿಮೀಟರು ಎಂದು ಹೊರಟುದು ಕ್ರಮೇಣ ೨೮ಕ್ಕೂ ಮೇಲಕ್ಕೂ ಬೆಳೆಯಿತು. ಪಾದದಿಂದ ಕಣ್ಣಿಗೆ ಅಳೆಯಬೇಕೋ ನೆತ್ತಿಗೋ ಎಂಬುದರಲ್ಲಿಯೇ ತಯಾರಕರಿಗೆ ಏಕಮತವಿರಲಿಲ್ಲ. ೧೯೭೫ರ ವೀರನು ಇಂದಿನ ವೀರನ ಪಕ್ಕದಲ್ಲಿ ಬಾಲಕನಂತೆ ಕಾಣುತ್ತಾನೆ.

ಸೀಸವು ವಿಷವೆಂಬುದು ತಿಳಿದ ವಿಷಯವೇ. ೧೯೯೩ರ ವೇಳೆಗೆ ನ್ಯೂಯಾರ್ಕ್ ರಾಜ್ಯದಲ್ಲಿ ಸೀಸದ ಆಟಿಗೆಗಳ ನಿಷೇಧದ ಪ್ರಶ್ನೆ ಬಂದಾಗ ತಯಾರಕರು ಗಾಬರಿಗೊಂಡು ಸೀಸವಿಲ್ಲದ, ಹೆಚ್ಚು ಬೆಲೆಯ ಮಿಶ್ರಲೋಹಗಳಿಗೆ ತಿರುಗಿದರು; ರಾಲ್ ಪಾರ್ಥಾದವರು ತಮ್ಮದಕ್ಕೆ ‘ರಾಲಿಡಿಯಮ್’ ಎಂದು ಹೆಸರಿಟ್ಟರು. ಆದರೆ ಇತಿಹಾಸಕಾರನಿಗೆ ಕಳವಳವನ್ನುಂಟುಮಾಡುವುದು ಸೀಸದ ಇನ್ನೊಂದು ಗುಣ. ಓಕ್ ಮೊದಲಾದ ಮರಗಳಿಂದ ಹೊರಡುವ ಅಸಿಟಿಕ್ ಆಮ್ಲದ ಆವಿಯು ಮುಚ್ಚಿದ ಕಪಾಟಿನಲ್ಲಿ ಸೀಸವನ್ನು ತಾಗಿದರೆ, ಅದು ಮೆಲ್ಲಮೆಲ್ಲನೆ ಬಿಳಿಯ ಪುಡಿಯಾಗುತ್ತದೆ. ರಸಾಯನಶಾಸ್ತ್ರದಲ್ಲಿ ಇದು ಸೀಸದ ಕಾರ್ಬನೇಟು. ಸಂಗ್ರಾಹಕರು ಇದನ್ನು ಸೀಸದ ಕೊಳೆರೋಗವೆನ್ನುತ್ತಾರೆ. ಅಂದವಾದ ಮರದ ಬೀರುವಿನಲ್ಲಿ ಜೋಪಾನವಾಗಿಟ್ಟವನ ಬೊಂಬೆಗಳೇ ಬೇಗ ಕೆಡುವುದುಂಟು. ರಟ್ಟಿನ ಡಬ್ಬದಲ್ಲಿ ಮರೆತುಬಿಟ್ಟವನದಕ್ಕೂ ಕ್ಷೇಮವಿಲ್ಲ, ಕೆಲವು ರಟ್ಟುಗಳಲ್ಲಿಯೂ ಆ ಆಮ್ಲವುಂಟು.

ಸಂಗ್ರಾಹಕರಿಂದ ಇನ್ನೊಂದು ನಷ್ಟವಿದೆ. ಇದನ್ನು ಸ್ವಲ್ಪ ಕಟುವಾಗಿಯೇ ಹೇಳಬೇಕು. ಹಳೆಯ ಬೊಂಬೆಯೊಂದು ಕೈಗೆ ಬಂದೊಡನೆ ಅದರ ಹಳೆಯ ಬಣ್ಣವನ್ನು ದ್ರಾವಕದಲ್ಲಿ ಅದ್ದಿ ತೆಗೆದು, ಲೋಹವನ್ನು ಹೊಳೆಯಿಸಿ ಹೊಸದಾಗಿ ಬಣ್ಣ ಬಳಿಯುವುದು ವಾಡಿಕೆಯಾಗಿದೆ. ೧೯೭೬ರಲ್ಲಿ ಒಬ್ಬ ವಿದ್ಯಾರ್ಥಿ ದಪ್ಪ ಎನಾಮೆಲ್ ಬಣ್ಣದಿಂದ ಒರಟಾಗಿ ಬಳಿದು, ಪೀಠದ ಅಡಿಯಲ್ಲಿ ತನ್ನ ಪಾತ್ರದ ಹೆಸರನ್ನು ಕೊರೆದಿದ್ದರೆ, ಆ ಒರಟುತನವೂ ಆ ಹೆಸರೂ ನಮಗೆ ಆಧಾರಗಳು. ಯಾರು ಆಡಿದರು, ಯಾವ ಪಾತ್ರವನ್ನು ಎಷ್ಟು ಕಾಲ ಉಳಿಸಿಕೊಂಡರು, ಯಾವ ಬೊಂಬೆಯನ್ನು ಯಾವುದಾಗಿ ಬಳಸಿದರು ಎಂಬುದು ನಿಯಮಗ್ರಂಥಗಳಿಂದ ತಿಳಿಯುವುದಿಲ್ಲ. ಜಾನ್ ಪೀಟರ್ಸನ್ ೨೦೧೨ರಲ್ಲಿ ಪ್ರಕಟಿಸಿದ ಬೃಹದ್ಗ್ರಂಥವು ಅಂದಿನ ಹವ್ಯಾಸಿ ಪತ್ರಿಕೆಗಳನ್ನು ಶೋಧಿಸಿ ಈ ಆಟದ ವಂಶಾವಳಿಯನ್ನು ಸ್ಥಾಪಿಸಿತು. ಕಾಗದದ ಆಧಾರಗಳಿಗೆ ಅದು ಮಾಡಿದ ಉಪಕಾರವನ್ನು ಲೋಹದ ಆಧಾರಗಳಿಗೆ ಮಾಡುವವರು ಬೇಕಾಗಿದ್ದಾರೆ. ಶಾಸನದ ಕಲ್ಲನ್ನು ತೊಳೆದು ಸುಣ್ಣ ಬಳಿದ ದೇವಾಲಯಗಳನ್ನು ಕಂಡ ನಮಗೆ ಈ ಸಂಕಟ ಹೊಸದಲ್ಲ.

ಮುಂದಿನ ಕಥೆ ತ್ವರಿತವಾದುದು. ೨೦೦೦ದಲ್ಲಿ ಹೊರಬಂದ ಮೂರನೆಯ ಆವೃತ್ತಿಯ ಕಾಳಗದ ನಿಯಮಗಳು ಚೌಕಗಳ ಹಾಸನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ೨೦೦೩ರಿಂದ ೨೦೧೧ರವರೆಗೆ ಬಣ್ಣಬಳಿದ ಪ್ಲಾಸ್ಟಿಕ್ ಬೊಂಬೆಗಳು ಮುಚ್ಚಿದ ಡಬ್ಬಗಳಲ್ಲಿ ಬಂದವು. ಒಳಗೆ ಯಾವುದಿದೆಯೆಂಬುದು ಕೊಂಡು ಒಡೆದ ಮೇಲೆಯೇ ತಿಳಿಯಬೇಕು. ಬಣ್ಣ ಬಳಿಯುವ ಶ್ರಮವೂ ಆರಿಸುವ ಸ್ವಾತಂತ್ರ್ಯವೂ ಒಟ್ಟಿಗೆ ಹೋದವು. ೨೦೧೨ರಲ್ಲಿ ರೀಪರ್ ಎಂಬ ಸಂಸ್ಥೆ ಬಣ್ಣಬಳಿಯದ ಪ್ಲಾಸ್ಟಿಕ್ ಬೊಂಬೆಗಳಿಗಾಗಿ ಸಾರ್ವಜನಿಕರಿಂದ ಮುಂಗಡ ಹಣವನ್ನು ಕೇಳಿದಾಗ ೩೪ ಲಕ್ಷ ಡಾಲರಿಗೂ ಮೀರಿ ಕೂಡಿತು. ಈಗ ಮನೆಯಲ್ಲಿಯೇ ಮೂರು ಆಯಾಮಗಳ ಮುದ್ರಣಯಂತ್ರದಿಂದ ರಾಳದ ಬೊಂಬೆಗಳನ್ನು ಪಡೆಯುವವರು ಹೆಚ್ಚುತ್ತಿದ್ದಾರೆ. ಅಚ್ಚೂ ಇಲ್ಲ, ಎರಕವೂ ಇಲ್ಲ. ೨೦೧೪ರ ಐದನೆಯ ಆವೃತ್ತಿಯಲ್ಲಿ ಬೊಂಬೆ ಮತ್ತೆ ಐಚ್ಛಿಕವಾಯಿತು. ಆದರೂ ಬೊಂಬೆಗಳನ್ನು ಬಳಸುವವರಿಗಾಗಿ ಅಲ್ಲಿ ಕೊಟ್ಟಿರುವ ಚೌಕ ಐದು ಅಡಿಯದು, ಮತ್ತು ಮೇಜಿನ ಮೇಲೆ ಆ ಚೌಕದ ಅಳತೆ ಒಂದು ಅಂಗುಲ.